ಎಂಜಿನ್ ಇಲ್ಲದೆ 76,000 ಅಡಿ

ಇಲ್ಲಿ ಪುಣೆಯ ಹಡಪ್ಸರ್‌ನಲ್ಲಿ ಒಂದು ಗ್ಲೈಡಿಂಗ್ ಕೇಂದ್ರವಿದೆ. ಎಂಜಿನ್ ಇಲ್ಲದ ವಿಮಾನವನ್ನು ವಿಂಚ್‌ನಿಂದ ಎಳೆದು ಮೇಲಕ್ಕೆ ಬಿಡುತ್ತಾರೆ. ಬಿಸಿಲಿಗೆ ಕಾದು ಏಳುವ ಗಾಳಿ ಸಿಕ್ಕರೆ ಅದು ಹದ್ದಿನಂತೆ ಸುತ್ತುತ್ತ ಇನ್ನಷ್ಟು ಏರುತ್ತದೆ. ಇಂಥದೇ ವಿಮಾನವೊಂದು 76,000 ಅಡಿ ದಾಟಿದೆ ಎಂದರೆ ಊರಿಂದ ಬಂದ ನೆಂಟರು ನಂಬುವುದಿಲ್ಲ. ಅವರು ಬೆಂಗಳೂರಿನಿಂದ ಬಂದ ವಿಮಾನ ಹಾರಿದ್ದು ಅದರ ಅರ್ಧ ಎತ್ತರದಲ್ಲೂ ಅಲ್ಲ!

ಗುಟ್ಟಿರುವುದು ಬೆಟ್ಟದಲ್ಲಿ. ಹೊಳೆಯ ನೀರು ಮುಳುಗಿದ ಬಂಡೆಯನ್ನು ದಾಟಿ ಅಲೆಯಾಗಿ ಏಳುವುದನ್ನು ನೋಡಿರುತ್ತೀರಿ. ನೀರು ಹರಿಯುತ್ತಿರುತ್ತದೆ, ಅಲೆ ಮಾತ್ರ ನಿಂತಲ್ಲೇ ಇರುತ್ತದೆ. ಜೋರುಗಾಳಿ ಪರ್ವತಸಾಲನ್ನು ದಾಟಿದಾಗಲೂ ಹೀಗೆಯೇ. ಅಲೆ ಏರುವ ಜಾಗದಲ್ಲಿ ಗಾಳಿಗೆ ಮುಖಮಾಡಿದ ಗ್ಲೈಡರ್ ಲಿಫ್ಟ್ ಹತ್ತಿದಂತೆ ಮೇಲೇರುತ್ತದೆ. 1933ರಲ್ಲಿ ಜರ್ಮನ್ ಪೈಲಟ್‌ಗಳು ಇದನ್ನು ಕಂಡುಕೊಂಡರು. 1951-52ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತದ ಪಕ್ಕದ ಕಣಿವೆಯಲ್ಲಿ ವಿಜ್ಞಾನಿಗಳು ಉಪಕರಣ ಹೊತ್ತ ಗ್ಲೈಡರ್‌ಗಳಲ್ಲಿ ಹಾರಿ ಅಲೆಯನ್ನು ಅಳೆದರು.

ಮೇಲೆ ನಯವಾಗಿರುವ ಈ ಅಲೆಯ ಅಡಿಯಲ್ಲಿ ಗಾಳಿ ಸುರುಳಿ ಸುತ್ತುವ ‘ರೋಟರ್’ ಇರುತ್ತದೆ. 1955ರಲ್ಲಿ ಅದೇ ಕಣಿವೆಯಲ್ಲಿ ಲ್ಯಾರಿ ಎಡ್ಗರ್ ಅವರ ಗ್ಲೈಡರ್ ರೋಟರ್‌ಗೆ ಸಿಕ್ಕಿ ಚೂರಾಯಿತು. ಪ್ಯಾರಾಚೂಟ್ ಇದ್ದದ್ದಕ್ಕೆ ಬದುಕಿದರು.

ಅಲೆ ಸಾಮಾನ್ಯವಾಗಿ ಒಂದು ಎತ್ತರದ ಮೇಲೆ ಕುಂದುತ್ತದೆ. ಆದರೆ ಧ್ರುವದ ಚಳಿಗಾಲದಲ್ಲಿ ಸ್ಟ್ರಾಟೋಸ್ಫಿಯರ್‌ನಲ್ಲೂ ಬಿರುಗಾಳಿ ಬೀಸುವುದರಿಂದ ಅಲೆ ಇನ್ನೂ ಮೇಲಕ್ಕೆ ಹೋಗುತ್ತದೆ. ನಾಸಾದ ಪರೀಕ್ಷಾ ಪೈಲಟ್ ಆಗಿದ್ದ ಐನಾರ್ ಎನೆವೊಲ್ಡ್‌ಸನ್ ಇದನ್ನೇ ನೆಚ್ಚಿ ‘ಪರ್ಲಾನ್’ ಯೋಜನೆ ಕಟ್ಟಿದರು. 2006ರಲ್ಲಿ ಅವರೂ ಸ್ಟೀವ್ ಫಾಸೆಟ್ ಅವರೂ ಅರ್ಜೆಂಟೀನಾದ ಆಂಡಿಸ್ ಮೇಲೆ 50,000 ಅಡಿ ದಾಟಿದರು. 2018ರ ಸೆಪ್ಟೆಂಬರ್ 2ರಂದು ಜಿಮ್ ಪೇನ್, ಟಿಮ್ ಗಾರ್ಡ್ನರ್ ಅಲ್ಲೇ ‘ಪರ್ಲಾನ್-2’ರಲ್ಲಿ 76,124 ಅಡಿ ಮುಟ್ಟಿದರು. ಅಷ್ಟು ಮೇಲೆ ಗಾಳಿಯ ಒತ್ತಡ ಎಷ್ಟು ಕಡಿಮೆಯೆಂದರೆ ನಮ್ಮ ಮೈಬಿಸಿಗೇ ನೀರು ಕುದಿಯುತ್ತದೆ. ಒತ್ತಡ ತುಂಬಿದ ಕ್ಯಾಬಿನ್ ಸೋರಿದರೆ ಮುಗಿಯಿತು.

ದಾಖಲೆಗಾಗಿ ಇಷ್ಟೆಲ್ಲ ಯಾಕೆ ಎನ್ನಬಹುದು. ದಾಖಲೆ ನನಗೂ ಅಷ್ಟು ಮುಖ್ಯವಲ್ಲ. ಬಲೂನು ಗಾಳಿ ಒಯ್ದತ್ತ ಹೋಗುತ್ತದೆ, ರಾಕೆಟ್ ಕ್ಷಣದಲ್ಲಿ ದಾಟಿಬಿಡುತ್ತದೆ. ಗ್ಲೈಡರ್ ಅದೇ ಅಲೆಯಲ್ಲಿ ಗಂಟೆಗಟ್ಟಲೆ ಉಳಿಯಬಲ್ಲದು. ಅಳೆಯಬೇಕಾದ ಗಾಳಿಗೆ ಎಂಜಿನ್ನಿನ ಹೊಗೆಯೂ ಬೆರೆಯುವುದಿಲ್ಲ. ಈ ಅಲೆಗಳು ಮೇಲೆ ಒಡೆದಾಗ ಅಲ್ಲಿನ ಗಾಳಿಯ ಓಟವೇ ಬದಲಾಗುತ್ತದೆ. ಹವಾಮಾನದ ಕಂಪ್ಯೂಟರ್ ಮಾದರಿಗಳಾದರೋ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಬಹಳಷ್ಟು ಅಲೆಗಳು ಒಂದೇ ಚೌಕದೊಳಗೆ ಮುಚ್ಚಿಹೋಗುತ್ತವೆ. ಅಲ್ಲಿ ಅಂದಾಜೇ ಗತಿ. ಆ ಅಂದಾಜಿಗೆ ನಿಜವಾದ ಅಳತೆ ಒದಗಿಸಲೆಂದು ಪರ್ಲಾನ್-2 ಅನ್ನು 90,000 ಅಡಿ ಏರುವ ಗುರಿಯಿಟ್ಟೇ ಕಟ್ಟಿದ್ದಾರೆ.