ಕುಸಿಯುವ ಗುಡ್ಡದ ಮೇಲಿನ ಊರು

ಊರೆಂದರೇನು? ಮನೆ, ಬೀದಿ, ದೇಗುಲ, ಬಾವಿ, ಹೊಲ ಎಂದು ಎಣಿಸಿ ಈ ಪ್ರಶ್ನೆಗೆ ಸುಲಭವಾಗಿ ಉತ್ತರ ಹೇಳಿಬಿಡಬಹುದು. ಆದರೆ ಮನೆಗಳೆಲ್ಲ ನಿಂತಿದ್ದು, ಅವುಗಳೊಳಗೆ ಒಲೆ ಉರಿಯದೆ ಹೋದರೆ ಅದನ್ನು ಊರೆನ್ನಬಹುದೇ? ಈ ಪ್ರಶ್ನೆಯನ್ನು ಮುಂದಿರಿಸಿಕೊಂಡು ನಾವು ಇಂದು ಓದುಗರನ್ನು ಇಟಲಿ ದೇಶದ ಒಂದು ಪುಟ್ಟ ಗ್ರಾಮಕ್ಕೆ ಕರೆದೊಯ್ಯಬಯಸುತ್ತೇವೆ.

ರೋಮ್ ನಗರದಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿ, ಬೊಲ್ಸೇನಾ ಸರೋವರಕ್ಕೂ ಒರ್ವಿಯೇತೊ ಪಟ್ಟಣಕ್ಕೂ ಸಮೀಪದಲ್ಲಿ ಈ ಗ್ರಾಮವಿದೆ. ಇದರ ಹೆಸರು ಚಿವಿತಾ ದಿ ಬಾನ್ಯೊರೇಜೊ. ನಾಲ್ಕೂ ಕಡೆ ಆಳವಾದ ಕಣಿವೆ, ನಡುವೆ ಕಂಬದಂತೆ ಎದ್ದುನಿಂತ ಗುಡ್ಡ, ಅದರ ನೆತ್ತಿಯ ಮೇಲೆ ಒತ್ತೊತ್ತಾಗಿ ಕುಳಿತ ಕಲ್ಲುಮನೆಗಳು. ಬೆಳಗಿನ ಮಂಜು ಕಣಿವೆಯನ್ನು ತುಂಬಿದಾಗ ಊರು ಬಿಳಿಯ ಕಡಲಿನಲ್ಲಿ ತೇಲುವ ದ್ವೀಪದಂತೆ ಕಾಣುತ್ತದೆ. ಊರಿಗೆ ಹೋಗಲು ಇರುವುದು ಸುಮಾರು 300 ಮೀಟರ್ ಉದ್ದದ ಒಂದು ಕಾಲುಸೇತುವೆ ಮಾತ್ರ. ಕಾರು, ಬಸ್ಸುಗಳೆಲ್ಲ ಆಚೆಯ ದಡದಲ್ಲಿಯೇ ನಿಲ್ಲಬೇಕು. ಮುಂದಿನ ಏರನ್ನು ಬಡವನೂ ಬಲ್ಲಿದನೂ ನಡೆದೇ ಹತ್ತಬೇಕು.

ಈ ಊರಿಗೆ ಸುಮಾರು 2500 ವರ್ಷಗಳ ಇತಿಹಾಸವಿದೆ. ರೋಮನ್ನರು ಪ್ರಬಲರಾಗುವುದಕ್ಕೆ ಮೊದಲು ಆ ಪ್ರಾಂತ್ಯದಲ್ಲಿ ಬಾಳಿದ ಎಟ್ರುಸ್ಕನ್ ಜನರು ಇಲ್ಲಿ ನೆಲೆಯೂರಿದರು. ಶತ್ರುಗಳು ಸುಲಭವಾಗಿ ಏರಲಾಗದ ಎತ್ತರವನ್ನು ಅವರು ಆರಿಸಿಕೊಂಡರು. ಗುಡ್ಡದ ಮೆದುಕಲ್ಲನ್ನು ಕೊರೆದು ಗುಹೆಗಳನ್ನೂ ನೆಲಮಾಳಿಗೆಗಳನ್ನೂ ಮಾಡಿದರು. ನಂತರದ ಕಾಲದ ಜನ ಅವೇ ಗುಹೆಗಳಲ್ಲಿ ದ್ರಾಕ್ಷಾರಸವನ್ನು ಶೇಖರಿಸಿದರು, ಕತ್ತೆಗಳನ್ನು ಕಟ್ಟಿದರು, ಆಲಿವ್ ಕಾಯಿಯನ್ನು ಅರೆದು ಎಣ್ಣೆ ತೆಗೆಯುವ ಗಾಣಗಳನ್ನು ಹೂಡಿದರು. ಒಂದೇ ಗುಹೆ ಎಷ್ಟೋ ತಲೆಮಾರುಗಳ ಬೇರೆ ಬೇರೆ ಬದುಕಿಗೆ ಆಸರೆಯಾಯಿತು.

ಕ್ರೈಸ್ತ ಜಗತ್ತಿನ ಮಹಾಜ್ಞಾನಿಗಳಲ್ಲಿ ಒಬ್ಬರಾದ ಸಂತ ಬೊನವೆಂತೂರರು ಜನಿಸಿದ್ದು ಈ ನೆಲದಲ್ಲಿ, 13ನೆಯ ಶತಮಾನದ ಆರಂಭದಲ್ಲಿ. 1257ರಲ್ಲಿ ಅವರು ಸಂತ ಫ್ರಾನ್ಸಿಸರ ಸನ್ಯಾಸಿ ಪರಂಪರೆಯ ಮುಖ್ಯಸ್ಥರಾದರು, 1274ರಲ್ಲಿ ದೇಹವಿಟ್ಟರು, 1482ರಲ್ಲಿ ಅವರಿಗೆ ಸಂತ ಪದವಿ ಪ್ರಾಪ್ತವಾಯಿತು. ಅವರ ಕೀರ್ತಿ ಯುರೋಪಿನಾದ್ಯಂತ ಹಬ್ಬಿತು. ಆದರೆ ಅವರು ಹುಟ್ಟಿದ ಮನೆ ಇಂದು ಉಳಿದಿಲ್ಲ. ಅದು ನಿಂತಿದ್ದ ನೆಲವೇ ಕಳಚಿ ಕಣಿವೆಗೆ ಬಿದ್ದುಹೋಗಿದೆ.

ನೆಲ ಕಳಚುವುದೆಂದರೇನೆಂದು ಓದುಗರು ಕೇಳಬಹುದು. ಈ ಗುಡ್ಡದ ಮೇಲ್ಪದರವು ಪ್ರಾಚೀನ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ಅದರ ಕೆಳಗಿರುವುದು, ಒಂದಾನೊಂದು ಕಾಲದಲ್ಲಿ ಕಡಲಿನ ತಳವಾಗಿದ್ದ ಜೇಡಿಮಣ್ಣು. ಮಳೆಯ ನೀರೂ ಕೆಳಗಿನ ಹೊಳೆಗಳೂ ಈ ಜೇಡಿಯನ್ನು ಸದಾ ಸವೆಸುತ್ತಿರುತ್ತವೆ. ತಳ ಸವೆದಾಗ ಮೇಲಿನ ಕಲ್ಲು ಬಿರುಕುಬಿಟ್ಟು, ತನ್ನ ಮೇಲಿನ ಮನೆಯನ್ನೂ ಹೊತ್ತುಕೊಂಡು ಜಾರುತ್ತದೆ. ಮೇಲೆ ಎಷ್ಟೇ ಗಟ್ಟಿಯಾದ ಗೋಡೆ ಕಟ್ಟಿದರೂ ಅಡಿಪಾಯದ ಮಣ್ಣು ಮೆದುವಾದರೆ ಪ್ರಯೋಜನವಿಲ್ಲ ಎಂಬುದನ್ನು ಈ ಊರು ಶತಮಾನಗಳಿಂದ ಅನುಭವಿಸುತ್ತ ಬಂದಿದೆ.

1695ರಲ್ಲಿ ಸಂಭವಿಸಿದ ಭೂಕಂಪ ಊರಿನ ಬಾಳನ್ನೇ ಬದಲಿಸಿತು. ಅನೇಕ ಮನೆಗಳು ಉರುಳಿದವು. ಅದುವರೆಗೆ ಇಲ್ಲಿದ್ದ ಆಡಳಿತದ ಕಚೇರಿಯೂ ಬಿಷಪ್ಪರ ಪೀಠವೂ ಎದುರು ದಿಬ್ಬದ ಬಾನ್ಯೊರೇಜೊ ಪಟ್ಟಣಕ್ಕೆ ಸಾಗಿದವು. ಅಧಿಕಾರ ಹೋದ ಕಡೆಗೆ ಅನುಕೂಲ ಹೋಯಿತು; ಅನುಕೂಲ ಹೋದ ಕಡೆಗೆ ಜನ ಹೋದರು. ಊರನ್ನು ಆ ಪಟ್ಟಣಕ್ಕೆ ಸೇರಿಸುತ್ತಿದ್ದ ಮಣ್ಣಿನ ದಾರಿಯೂ ಕಾಲಕ್ರಮದಲ್ಲಿ ಕರಗಿತು. 20ನೆಯ ಶತಮಾನದಲ್ಲಿ ಕಟ್ಟಿದ ಸೇತುವೆ ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು. ಇಂದಿನ ಕಾಲುಸೇತುವೆ ಸಿದ್ಧವಾದದ್ದು 1965ರಲ್ಲಿ. ಬಾನ್ಯೊರೇಜೊದವರೇ ಆದ ಸಾಹಿತಿ ಬೊನವೆಂತೂರ ತೆಕ್ಕಿಯವರು ಇದನ್ನು ಸಾಯುತ್ತಿರುವ ಊರು ಎಂದು ಕರೆದರು. ಆ ಹೆಸರು ಇಂದಿಗೂ ಊರನ್ನು ಬಿಟ್ಟಿಲ್ಲ.

ಸಾಯುತ್ತಿರುವ ಊರನ್ನು ಉಳಿಸಲು ಪ್ರಯತ್ನಗಳು ನಡೆಯದೆ ಇಲ್ಲ. ಇಂಜಿನಿಯರರು ಉಕ್ಕಿನ ಸರಳುಗಳಿಂದ ಬಂಡೆಯನ್ನು ಬಿಗಿದಿದ್ದಾರೆ. ಭೂಕುಸಿತದ ಕಥೆಯನ್ನು ಹೇಳುವ ವಸ್ತುಸಂಗ್ರಹಾಲಯವೊಂದು ಊರೊಳಗೇ ಇದೆ. ದೂರದ ರಿಗಾ ನಗರದಲ್ಲಿ ಹುಟ್ಟಿ, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪವನ್ನು ಬೋಧಿಸಿದ ಆಸ್ಟ್ರಾ ಜರೀನಾ ಎಂಬ ಮಹಿಳೆ ಇಲ್ಲಿಯ ಪಾಳುಮನೆಗಳನ್ನು ದುರಸ್ತಿಗೊಳಿಸಿದರು. 1970ರ ದಶಕದಿಂದ ಅವರು ತಮ್ಮ ವಿದ್ಯಾರ್ಥಿಗಳನ್ನು ಇಲ್ಲಿಗೆ ಕರೆತಂದು, ಊರಿನವರ ನಡುವೆಯೇ ಇರಿಸಿ ಪಾಠ ಹೇಳಿದರು. ಹಳೆಯ ಮನೆಯ ಮರ್ಮವನ್ನು ಅರಿಯಬೇಕಾದರೆ ಅದರಲ್ಲಿ ವಾಸಿಸಬೇಕೆಂಬುದು ಅವರ ನಿಲುವು. 2008ರಲ್ಲಿ ಅವರು ನಿಧನರಾದರು. ಹೊರಗಿನಿಂದ ಬಂದು ಊರಿನವರೇ ಆಗಿಬಿಡುವ ಇಂಥವರು ವಿರಳ.

ಇತ್ತೀಚಿನ ದಶಕಗಳಲ್ಲಿ ಇನ್ನೊಂದು ಬದಲಾವಣೆಯಾಯಿತು. ಚಿತ್ರಗಳಲ್ಲಿ ಈ ಊರಿನ ಚೆಲುವನ್ನು ಕಂಡ ಪ್ರವಾಸಿಗಳು ದೇಶದೇಶಗಳಿಂದ ಬರತೊಡಗಿದರು. 2013ರಲ್ಲಿ ಆಡಳಿತವು ಸೇತುವೆ ದಾಟುವವರಿಗೆ ಒಂದೂವರೆ ಯೂರೋ ಪ್ರವೇಶಧನವನ್ನು ಗೊತ್ತುಮಾಡಿತು. ಮುಂದೆ ಅದನ್ನು ಐದು ಯೂರೋಗೆ ಏರಿಸಿತು. ಜನ ಕಡಿಮೆಯಾಗಲಿಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ಮಂದಿ ಬಂದರು. ಹಣ ಬಂತು, ಖಾನಾವಳಿಗಳು ತೆರೆದವು, ಸುತ್ತಲಿನ ಯುವಕರಿಗೆ ಉದ್ಯೋಗ ದೊರೆಯಿತು. ಸಾವಿನ ಹೆಸರೇ ಊರಿಗೆ ಅನ್ನ ಕೊಟ್ಟಿತು!

ಇದು ಸಂತೋಷದ ಸಂಗತಿಯೇ ಸರಿ. ಆದರೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. ವರ್ಷವಿಡೀ ಈ ಊರಿನಲ್ಲಿ ವಾಸಿಸುವವರು ಹತ್ತು ಹದಿನೈದು ಮಂದಿ ಮಾತ್ರ. ಉಳಿದ ಮನೆಗಳಲ್ಲಿ ಹಲವು, ರೋಮಿನವರೋ ಪರದೇಶದವರೋ ಕೊಂಡು ಬೇಸಗೆಯಲ್ಲಿ ಬಂದಿಳಿಯುವ ಮನೆಗಳು. ಹಗಲು ಬೀದಿ ತುಂಬಿರುತ್ತದೆ. ಸಂಜೆ ಸೇತುವೆಯ ಮೇಲೆ ಕೊನೆಯ ಪ್ರವಾಸಿಯ ಹೆಜ್ಜೆಸಪ್ಪಳ ಅಡಗಿದ ಮೇಲೆ ಚೌಕದಲ್ಲಿ ಬೆಕ್ಕುಗಳು ಮಾತ್ರ ಉಳಿಯುತ್ತವೆ. ಹಣದಿಂದ ಗೋಡೆಯನ್ನು ನಿಲ್ಲಿಸಬಹುದು. ಬಂಡೆಗೆ ಸರಳು ಹೊಡೆಯಬಹುದು. ನೆರೆಮನೆಯವರನ್ನು ಕೊಳ್ಳಲು ಯಾವ ಹಣವೂ ಸಾಲದು. ಮಣ್ಣು ಸವೆದರೆ ಊರು ಒಂದು ಬಗೆಯಲ್ಲಿ ಸಾಯುತ್ತದೆ. ಜನ ಬಿಟ್ಟರೆ ಇನ್ನೊಂದು ಬಗೆಯಲ್ಲಿ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ.

ಹಾಗಾದರೆ ಈ ಊರಿನಲ್ಲಿ ಇಂದಿಗೂ ಜೀವಂತವಾಗಿರುವುದು ಯಾವುದು? ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ದೇವಾಲಯದ ಮುಂದಿನ ಮಣ್ಣಿನ ಚೌಕದಲ್ಲಿ ಕತ್ತೆಗಳ ಓಟ ನಡೆಯುತ್ತದೆ. ಹಿಂದೆ ಊರಿನ ಹೊರೆಯನ್ನೆಲ್ಲ ಹೊತ್ತ ಪ್ರಾಣಿಯ ಮೇಲೆ ಕುಳಿತು ಯುವಕರು ಸುತ್ತುಹಾಕುತ್ತಾರೆ. ಕತ್ತೆ ಮುಂದೆ ಹೋಗಲೊಪ್ಪದೆ ನಿಂತರೆ ಚೌಕವೆಲ್ಲ ನಗುತ್ತದೆ. ಅಂದು ಊರು ಮತ್ತೆ ಊರಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಶುಭ ಶುಕ್ರವಾರದ ಮೆರವಣಿಗೆ. ಸಾನ್ ದೊನಾತೊ ದೇವಾಲಯದಲ್ಲಿ 15ನೆಯ ಶತಮಾನದ ಮರದ ಕ್ರಿಸ್ತಮೂರ್ತಿಯೊಂದಿದೆ. ಆ ದಿನ ಅದನ್ನು ಕೆಳಗಿಳಿಸಿ, ಸೇತುವೆ ದಾಟಿಸಿ, ಬಾನ್ಯೊರೇಜೊದ ಮೆರವಣಿಗೆಗೆ ಒಯ್ಯುತ್ತಾರೆ. ಮಧ್ಯರಾತ್ರಿಯೊಳಗೆ ಮೂರ್ತಿ ಹಿಂದಿರುಗದಿದ್ದರೆ ಅದು ಆ ಪಟ್ಟಣಕ್ಕೇ ಸೇರಿಬಿಡುತ್ತದೆಂಬುದು ಜನರ ನಂಬಿಕೆ. ಆಡಳಿತ ಹೋಯಿತು, ಪೀಠ ಹೋಯಿತು, ಸಂತರ ಮನೆಯೂ ಹೋಯಿತು. ಈ ಮೂರ್ತಿಯನ್ನು ಮಾತ್ರ ಅವರು ಬಿಟ್ಟುಕೊಟ್ಟಿಲ್ಲ.

ಹುಟ್ಟಿದ ಊರನ್ನು ಬಿಟ್ಟು ಬಂದು ನೆಲೆಸಿದ ಕುಟುಂಬಗಳು ನಮ್ಮ ಓದುಗರಲ್ಲಿ ಎಷ್ಟೋ ಇವೆ. ಹೊಟ್ಟೆಪಾಡಿಗಾಗಿ ಹೊರಡುವುದು ತಪ್ಪಲ್ಲ. ಆದರೆ ಹೋದವರು ಯಾವಾಗ ಹಿಂದಿರುಗುತ್ತಾರೆ, ಏತಕ್ಕಾಗಿ ಹಿಂದಿರುಗುತ್ತಾರೆ ಎಂಬುದರ ಮೇಲೆ ಊರಿನ ಆಯುಸ್ಸು ನಿಂತಿದೆ. ಚಿವಿತಾದ ಬೆರಳೆಣಿಕೆಯ ನಿವಾಸಿಗಳೂ ಎದುರು ದಡದಲ್ಲಿ ನೆಲೆಸಿದ ಅವರ ಬಂಧುಗಳೂ ಪ್ರತಿವರ್ಷ ಆ ಒಂದು ರಾತ್ರಿ, ಗಂಟೆ ಹನ್ನೆರಡು ಹೊಡೆಯುವ ಮೊದಲು, ಕತ್ತಲಲ್ಲಿ ಸೇತುವೆಯನ್ನೇರಿ ಮೂರ್ತಿಯನ್ನು ಮನೆಗೆ ತಲುಪಿಸುತ್ತಾರೆ. ಕೆಳಗೆ ಜೇಡಿಮಣ್ಣು ಸವೆಯುತ್ತಲೇ ಇರುತ್ತದೆ.