ಬೀಗದ ಕೈ ಯಾರ ಕೈಗೆ?

ಮುಂಬೈ ಬಳಿಯ ಶಹಾಡ್‌ನಲ್ಲಿ ಬೆಳಗಿನ ಲೋಕಲ್ ಹಿಡಿಯುವವರಿಗೆ ಫೋನೇ ಪಾಸು, ಪರ್ಸು ಎಲ್ಲ. ನನ್ನದು ಒಂದು ದಿನ ಚಾರ್ಜ್ ಆಗುವುದನ್ನೇ ನಿಲ್ಲಿಸಿತು. ವಾರಂಟಿ ಇನ್ನೂ ನಾಲ್ಕು ತಿಂಗಳಿತ್ತು. ಉಲ್ಹಾಸನಗರದ ಅಂಗಡಿಯಲ್ಲಾದರೆ ಕಣ್ಣೆದುರೇ ಬಿಚ್ಚುತ್ತಾರೆ, ಆದರೆ ಹೊರಗಿನವರು ಬಿಚ್ಚಿದರೆ ವಾರಂಟಿಗೆ ಕುತ್ತು. ಹಾಗಾಗಿ ಕಲ್ಯಾಣದ ಸರ್ವಿಸ್ ಸೆಂಟರಿಗೆ ಹೋದೆ.

ಕೌಂಟರಿನ ಹುಡುಗ ಫಾರಂ ಚಾಚಿದ: "ಪಾಸ್‌ವರ್ಡ್ ಬರೀರಿ." ಪೆನ್ನು ತಡೆಯಿತು. ಒಳಗೆ ಮಗಳ ಫೋಟೊಗಳು, ಅಮ್ಮನ ವೈದ್ಯಕೀಯ ವರದಿ, ಬ್ಯಾಂಕ್ ಸಂದೇಶಗಳು. ಚಾರ್ಜಿಂಗ್ ಪರೀಕ್ಷೆಗೆ ಇವೆಲ್ಲ ಯಾಕೆ?

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಕೌಂಟರಿನ ಮುಂದೆ ಹಕ್ಕಿಗಿಂತ ಮುಂಜಾಗ್ರತೆಯೇ ಬೇಗ ಕೆಲಸಕ್ಕೆ ಬರುತ್ತದೆ.

ಸ್ಯಾಮ್‌ಸಂಗ್‌ನ ಹಲವು ಫೋನುಗಳಲ್ಲಿ 'ಮೇಂಟೆನೆನ್ಸ್ ಮೋಡ್', ಗೂಗಲ್ ಪಿಕ್ಸೆಲ್‌ನಲ್ಲಿ 'ರಿಪೇರಿ ಮೋಡ್' ಇವೆ. ಆನ್ ಮಾಡಿದರೆ ತಂತ್ರಜ್ಞನಿಗೆ ಖಾಲಿ ಫೋನು ಕಾಣುತ್ತದೆ, ನಿಮ್ಮದೆಲ್ಲ ಬೀಗದೊಳಗೆ. ಅದಿಲ್ಲದಿದ್ದರೆ ಬ್ಯಾಕಪ್ ತೆಗೆದು, ಎಲ್ಲ ಅಳಿಸಿ, ಸಿಮ್ ಮತ್ತು ಮೆಮೊರಿ ಕಾರ್ಡ್ ಕಳಚಿ ಕೊಡಿ. ಯುಪಿಐ ಮತ್ತೆ ನೋಂದಾಯಿಸುವ ಕಿರಿಕಿರಿ ಇದ್ದದ್ದೇ. ಫೋನ್ ಪೂರ್ತಿ ಸತ್ತರೆ ಇದ್ಯಾವುದೂ ಆಗದು, ಬ್ಯಾಕಪ್ ಮೊದಲೇ ಇರಬೇಕು.

ನನ್ನ ಫೋನಿನಲ್ಲಿ ಶೇಕಡಾ ಎಂಟರಷ್ಟು ಜೀವ ಉಳಿದಿತ್ತು. ಪವರ್ ಬ್ಯಾಂಕ್ ಹಚ್ಚಿದರೂ ಚಾರ್ಜ್ ಆಗದು. ಬ್ಯಾಕಪ್ ಹಿಂದಿನ ರಾತ್ರಿಯದಿತ್ತು. ಅಲ್ಲೇ ನಿಂತು ಎಲ್ಲ ಅಳಿಸಿದೆ. ಫಾರಂನ ಆ ಖಾನೆಯಲ್ಲಿ ಬರೆದದ್ದು: 'ಇಲ್ಲ.'