ಛಾಯಾಗ್ರಾಹಕಿಯ ಬಯಕೆಪಟ್ಟಿಯನ್ನು ಓದುವ ಬಗೆ

ಛಾಯಾಚಿತ್ರದಲ್ಲಿ ಅಭಿರುಚಿಯುಳ್ಳವರ ಕೈಯಲ್ಲಿ ಕ್ಯಾಮರಾದೊಡನೆ ಒಂದು ಪಟ್ಟಿಯೂ ಇರುವುದು ಈಗಿನ ಕಾಲದ ವಾಡಿಕೆ. ಮುಂದೆ ಕೊಳ್ಳತಕ್ಕ ಕ್ಯಾಮರಾ ಯಾವುದು, ಅದಕ್ಕೆ ಜೋಡಿಸಬೇಕಾದ ಲೆನ್ಸುಗಳು ಯಾವುವು ಎಂಬುದನ್ನು ಅವರು ಬರೆದಿಟ್ಟುಕೊಳ್ಳುವರು; ಒಂದನ್ನು ಕೊಂಡು ಹೆಸರು ಹೊಡೆದುಹಾಕುವಷ್ಟರಲ್ಲಿ ಮತ್ತೆರಡು ಹೆಸರುಗಳು ಸೇರಿಕೊಳ್ಳುವುವು. ನಮ್ಮ ಶಾಲೆಯಲ್ಲಿ ಕಲಿತು ಹೋದವರಲ್ಲಿಯೂ ಇಂಥ ಪಟ್ಟಿಯನ್ನು ಮಾಡಿಕೊಂಡವರಿದ್ದಾರೆ. ಕೆಲವರು ಅದನ್ನು ತಂದೆತಾಯಿಗಳ ಮುಂದೆ ಇಡುವರು. ಕೆಲವರು ಸಂಸಾರದ ಖರ್ಚುವೆಚ್ಚಗಳನ್ನು ನೆನೆದು ಮಡಿಸಿ ಪೆಟ್ಟಿಗೆಯ ತಳದಲ್ಲಿ ಇಟ್ಟುಬಿಡುವರು.

ಇಂಥ ಪಟ್ಟಿಯನ್ನು ಕಂಡ ಹಿರಿಯರು ಸಾಮಾನ್ಯವಾಗಿ ಎರಡು ವಿಧವಾಗಿ ನಡೆದುಕೊಳ್ಳುವುದುಂಟು. ಕೆಲವರು, ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ಹೇಳಿ ನಕ್ಕು ಕಾಗದವನ್ನು ಹಿಂದಕ್ಕೆ ಕೊಡುವರು. ಇನ್ನು ಕೆಲವರು ಮಗಳ ಮೇಲಿನ ಮಮತೆಯಿಂದ ಅಂಗಡಿಯವನು ಹೊಗಳಿದುದನ್ನೆಲ್ಲಾ ಕೊಂಡು ತರುವರು. ಈ ಎರಡು ಬಗೆಯವರೂ ಪಟ್ಟಿಯನ್ನು ನೋಡಿದರೇ ಹೊರತು ಓದಲಿಲ್ಲ. ಗಾದೆಯು ಅನೇಕ ವೇಳೆ ಸತ್ಯ; ಆದರೆ ನೆಲವು ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳೂ ಉಂಟು. ಇದು ಯಾವ ಸಂದರ್ಭವೆಂದು ಗೊತ್ತುಮಾಡಿಕೊಳ್ಳುವುದಕ್ಕೆ ಒಂದೇ ಒಂದು ಪ್ರಶ್ನೆ ಸಾಕು: ಈ ಸಾಮಾನು ಇಲ್ಲದುದರಿಂದ ತಪ್ಪಿಹೋದ ಚಿತ್ರ ಯಾವುದು? ಇದಕ್ಕೆ ಉತ್ತರವಿರುವ ಬಯಕೆಯನ್ನು ಗೌರವಿಸಬೇಕು. ಉತ್ತರವಿಲ್ಲದ ಬಯಕೆಯು ಕೆಲವು ಕಾಲ ಕಾದಿರಬಹುದು. ಈ ಪ್ರಶ್ನೆಯನ್ನು ಕೇಳುವುದಕ್ಕೂ ಅದಕ್ಕೆ ಉತ್ತರ ಹೇಳುವುದಕ್ಕೂ ಬೇಕಾಗುವ ತಿಳಿವಳಿಕೆಯನ್ನು ಸಂಕ್ಷೇಪವಾಗಿ ಕೊಡುವುದೇ ಈ ಲೇಖನದ ಉದ್ದೇಶ.

ಪಟ್ಟಿಯಲ್ಲಿರುವ ಪ್ರತಿಯೊಂದು ಲೆನ್ಸಿನ ಹೆಸರಿನೊಡನೆಯೂ ಎರಡು ಅಂಕೆಗಳಿರುವುವು. ಉದಾಹರಣೆಗೆ, ‘೫೦ ಮಿ.ಮೀ., ಎಫ್ ೧.೮’ ಎಂಬುದನ್ನು ತೆಗೆದುಕೊಳ್ಳೋಣ. ಇವುಗಳಲ್ಲಿ ಮೊದಲನೆಯದು ಸಂಗಮದೂರ. ಪೀನ ಮಸೂರದ ಪಾಠವನ್ನು ಮರೆಯದವರಿಗೆ ಈ ಶಬ್ದವು ಪರಿಚಿತವಾದುದೇ. ಈ ಅಂಕೆ ಚಿಕ್ಕದಾದಷ್ಟೂ ಲೆನ್ಸಿನ ನೋಟವು ಅಗಲವಾಗುವುದು. ದೊಡ್ಡದಾದಷ್ಟೂ ನೋಟವು ಕಿರಿದಾಗಿ, ದೂರದ ವಸ್ತುವು ದೊಡ್ಡದಾಗಿ ಮೂಡುವುದು. ಚಿತ್ರವು ಬೀಳುವ ಫಲಕಕ್ಕೆ ಸೆನ್ಸರೆಂದು ಹೆಸರು. ೩೬ ಮಿ.ಮೀ. ಉದ್ದ, ೨೪ ಮಿ.ಮೀ. ಅಗಲವಿರುವ ಸೆನ್ಸರಿಗೆ ‘ಫುಲ್ ಫ್ರೇಮ್’ ಎನ್ನುವರು. ೧೯೨೫ರಲ್ಲಿ ಜರ್ಮನಿಯಲ್ಲಿ ಹೊರಬಂದ ಲೈಕಾ ಕ್ಯಾಮರಾದಿಂದ ರೂಢಿಗೆ ಬಂದ ಫಿಲ್ಮಿನ ಅಳತೆಯೇ ಇದು. ಈ ಅಳತೆಯ ಕ್ಯಾಮರಾದಲ್ಲಿ ೨೪ ಮಿ.ಮೀ. ಲೆನ್ಸು ಒಂದು ಕೋಣೆಯ ಬಹುಭಾಗವನ್ನು ಹಿಡಿಯುವುದು, ೮೫ ಮಿ.ಮೀ. ಲೆನ್ಸು ಒಬ್ಬರ ಮುಖಕ್ಕೆ ಒಪ್ಪುವುದು; ಮರದ ಮೇಲಿನ ಹಕ್ಕಿಗೆ ೪೦೦ ಮಿ.ಮೀ. ಆದರೂ ಬೇಕು. ‘ಎಪಿಎಸ್-ಸಿ’ ಎಂಬ ಚಿಕ್ಕ ಸೆನ್ಸರಿನಲ್ಲಿ ನೋಟವು ಇನ್ನೂ ಕಿರಿದಾಗುವುದರಿಂದ, ಫುಲ್ ಫ್ರೇಮಿನಲ್ಲಿ ೫೦ ಮಿ.ಮೀ. ಲೆನ್ಸು ಮಾಡುವ ಕೆಲಸವನ್ನು ಅಲ್ಲಿ ೩೫ ಮಿ.ಮೀ. ಲೆನ್ಸು ಮಾಡುವುದು.

ಎರಡನೆಯ ಅಂಕೆಯು ಬೆಳಕು ಪ್ರವೇಶಿಸುವ ದ್ವಾರದ ಅಳತೆ. ಸಂಗಮದೂರವನ್ನು ಈ ಅಂಕೆಯಿಂದ ಭಾಗಿಸಿದರೆ ದ್ವಾರದ ವ್ಯಾಸವು ದೊರೆಯುವುದು. ಆದುದರಿಂದ ಅಂಕೆ ಚಿಕ್ಕದಾದರೆ ದ್ವಾರವು ದೊಡ್ಡದು. ೧.೪, ೨, ೨.೮, ೪, ೫.೬, ೮, ೧೧, ೧೬ ಎಂಬ ಶ್ರೇಣಿಯಲ್ಲಿ ಒಂದೊಂದು ಮೆಟ್ಟಿಲು ಮುಂದಕ್ಕೆ ಹೋದಂತೆ ಬೆಳಕು ಅರ್ಧರ್ಧವಾಗುತ್ತಾ ಬರುವುದು.

ಬೆಲೆಯ ರಹಸ್ಯವೂ ಈ ಭಾಗಾಕಾರದಲ್ಲಿಯೇ ಅಡಗಿದೆ. ೫೦ ಮಿ.ಮೀ., ಎಫ್ ೧.೮ ಲೆನ್ಸಿಗೆ ಬೇಕಾದ ದ್ವಾರವು ಸುಮಾರು ೨೮ ಮಿ.ಮೀ. ಮಾತ್ರ. ೨೦೦ ಮಿ.ಮೀ., ಎಫ್ ೨.೮ ಆದರೆ ೭೧ ಮಿ.ಮೀ. ಬೇಕು. ೪೦೦ ಮಿ.ಮೀ., ಎಫ್ ೨.೮ ಆದರೆ ೧೪೩ ಮಿ.ಮೀ. ಬೇಕು. ಅಷ್ಟು ಅಗಲವಾದ ಗಾಜನ್ನು ದೋಷವಿಲ್ಲದೆ ಎರೆದು, ಉಜ್ಜಿ, ಹಲವು ಬಿಲ್ಲೆಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಜೋಡಿಸಬೇಕು. ಆದುದರಿಂದಲೇ ಮೊದಲನೆಯ ಲೆನ್ಸು ಅಂಗೈಯಲ್ಲಿ ಹಿಡಿಯುವಷ್ಟಿದ್ದು ಸಾಧಾರಣ ಬೆಲೆಗೆ ಸಿಕ್ಕುವುದು. ಕೊನೆಯದು ಸುಮಾರು ೩ ಕಿಲೋ ತೂಗಿ ಹಲವು ಲಕ್ಷ ರೂಪಾಯಿಗಳಾಗುವುದು. ಬೆಲೆ ಹೆಚ್ಚಾದುದೇ ಒಳ್ಳೆಯ ಚಿತ್ರವನ್ನು ಕೊಡುವುದೆಂದು ಎಣಿಸಕೂಡದು. ಹೆಚ್ಚಿನ ಬೆಲೆಯ ಬಹುಪಾಲು ದೂರಕ್ಕೂ ಬೆಳಕಿಗೂ ಸಲ್ಲುವುದು. ದೂರವೂ ಮಬ್ಬುಬೆಳಕೂ ತೊಡಕಾಗದ ಚಿತ್ರಗಳಿಗೆ ಆ ಹಣವನ್ನು ತೆರುವುದು ವ್ಯರ್ಥ.

ಈಗ ಪಟ್ಟಿಗಳಲ್ಲಿ ಪದೇ ಪದೇ ಕಾಣುವ ಮೂರು ಬಯಕೆಗಳನ್ನು ಮೇಲಿನ ಪ್ರಶ್ನೆಯಿಂದ ಪರೀಕ್ಷಿಸೋಣ.

ಮೊದಲನೆಯದು ದೊಡ್ಡ ದ್ವಾರದ ಲೆನ್ಸು. ಸಭಾಮಂದಿರದ ಮಂದವಾದ ದೀಪದಲ್ಲಿ ತಂಗಿಯ ನೃತ್ಯವನ್ನು ತೆಗೆಯಹೋದಾಗ ಕೈಕಾಲುಗಳು ಕಲಸಿಹೋದುವೆಂದು ಹುಡುಗಿಯು ಹೇಳಿದರೆ, ಆಕೆಯ ಉತ್ತರವು ಸರಿಯಾದುದು. ಕ್ಯಾಮರಾದೊಡನೆ ಸಾಮಾನ್ಯವಾಗಿ ಬರುವ ೧೮–೫೫ ಮಿ.ಮೀ. ಲೆನ್ಸನ್ನು ೫೫ಕ್ಕೆ ತಿರುಗಿಸಿದರೆ ಅದರ ದ್ವಾರವು ಎಫ್ ೫.೬ಕ್ಕಿಂತ ಹೆಚ್ಚು ತೆರೆಯದು. ಆ ಬೆಳಕಿನಲ್ಲಿ ಷಟರು ಒಂದು ಸೆಕೆಂಡಿನ ೩೦ನೆಯ ಒಂದು ಭಾಗ ತೆರೆದಿರಬೇಕಾದರೆ, ಅಷ್ಟರೊಳಗೆ ನರ್ತಕಿಯ ಕೈ ಚಲಿಸಿಬಿಡುವುದು. ಎಫ್ ೧.೮ರಲ್ಲಿ ಬೆಳಕು ಹತ್ತಿರ ಹತ್ತಿರ ಹತ್ತರಷ್ಟು ಬರುವುದರಿಂದ ೩೦೦ನೆಯ ಒಂದು ಭಾಗವೇ ಸಾಕಾಗುವುದು. ಕೈಯ ಮುದ್ರೆ ಸ್ಪಷ್ಟವಾಗಿ ನಿಲ್ಲುವುದು. ಸೆನ್ಸರಿನ ಗ್ರಹಣಶಕ್ತಿಯನ್ನು ಏರಿಸಿಯೂ ಸ್ವಲ್ಪಮಟ್ಟಿಗೆ ಇದನ್ನು ಸಾಧಿಸಬಹುದಾದರೂ, ಏರಿಸಿದಂತೆಲ್ಲಾ ಚಿತ್ರದಲ್ಲಿ ರವೆಯಂಥ ಕಲೆಗಳು ಹೆಚ್ಚುವುವು. ಹೀಗೆ ೫೦ ಮಿ.ಮೀ., ಎಫ್ ೧.೮ ಲೆನ್ಸು ನ್ಯಾಯವಾದ ಬಯಕೆ. ಪಟ್ಟಿಯಲ್ಲಿ ಅಗ್ಗವಾದುದೂ ಪ್ರಾಯಶಃ ಅದೇ. ಆದರೆ ಮಸುಕಾದುದು ಮನೆಯಲ್ಲಿ ಕುಳಿತಿರುವ ಅಜ್ಜಿಯ ಚಿತ್ರವಾದರೆ, ಮೊದಲು ಅಜ್ಜಿಯ ಕುರ್ಚಿಯನ್ನು ಕಿಟಕಿಯ ಬಳಿಗೆ ಸರಿಸಿ, ಎದುರುಗಡೆ ಒಂದು ಬಿಳಿಯ ಬಟ್ಟೆಯನ್ನು ಹಿಡಿದು ನೋಡತಕ್ಕದ್ದು. ಇದಕ್ಕೆ ಕಾಸು ಬೇಡ.

ಎರಡನೆಯದು ಹಕ್ಕಿಗಳಿಗಾಗಿ ದೂರದ ಲೆನ್ಸು. ಇಲ್ಲಿ ನೆಲವು ನಿಜವಾಗಿಯೂ ಡೊಂಕು. ಕೆರೆಯ ನಡುವಿನ ಹಕ್ಕಿಯನ್ನು ೫೫ ಮಿ.ಮೀ. ಲೆನ್ಸಿನಿಂದ ತೆಗೆದರೆ ಒಂದು ಚುಕ್ಕೆ ಕಾಣುವುದೇ ಹೊರತು ಹಕ್ಕಿ ಕಾಣದು. ೧೫೦–೬೦೦ ಮಿ.ಮೀ. ಅಳತೆಯ ಲೆನ್ಸುಗಳು ಸುಮಾರು ೨ ಕಿಲೋ ತೂಕದವು. ಹಗಲು ಬೆಳಕಿಗೆ ತಕ್ಕಷ್ಟು ದ್ವಾರವುಳ್ಳವು. ಮೇಲೆ ಹೇಳಿದ ೩ ಕಿಲೋ ಲೆನ್ಸಿಗಿಂತ ಬಹಳ ಕಡಿಮೆ ಬೆಲೆಯವು. ಆದರೂ ಕೊಳ್ಳುವುದಕ್ಕೆ ಮುಂಚೆ ಮಾಡಬೇಕಾದ ಕೆಲಸವೊಂದುಂಟು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುವುವು. ರಂಗನತಿಟ್ಟಿನಲ್ಲಿ ದೋಣಿಯಿಂದಲೇ ಹಕ್ಕಿಗಳನ್ನು ಸಮೀಪದಲ್ಲಿ ಕಾಣಬಹುದು. ಇಂಥ ಸ್ಥಳಗಳಲ್ಲಿ ಸಾಧಾರಣವಾದ ೨೦೦ ಅಥವಾ ೩೦೦ ಮಿ.ಮೀ. ಲೆನ್ಸಿನಿಂದ ಒಂದು ಋತುವಿನ ಕಾಲ ಅಭ್ಯಾಸಮಾಡಿದವಳಿಗೆ ತನ್ನ ತಾಳ್ಮೆಯ ಅಳತೆಯು ತಿಳಿಯುವುದು. ಲೆನ್ಸು ಮೋಟಾದುದೆಂದು ಗೂಡಿನ ಹತ್ತಿರಕ್ಕೆ ಹೋಗಿ ತಾಯಿಹಕ್ಕಿಯನ್ನು ಎಬ್ಬಿಸುವುದು ಮಾತ್ರ ಸರ್ವಥಾ ಕೂಡದು.

ಮೂರನೆಯದು ಹೂವು, ಚಿಟ್ಟೆ, ಜೇಡ ಮೊದಲಾದುವುಗಳನ್ನು ಸಮೀಪದಿಂದ ತೆಗೆಯುವ ‘ಮ್ಯಾಕ್ರೋ’ ಲೆನ್ಸು. ವಸ್ತುವಿನ ನಿಜವಾದ ಗಾತ್ರದಷ್ಟೇ ದೊಡ್ಡ ಬಿಂಬವನ್ನು ಸೆನ್ಸರಿನ ಮೇಲೆ ಬೀಳಿಸುವುದು ಇದರ ಗುಣ. ಆದರೆ ಲೆನ್ಸಿಗೂ ಕ್ಯಾಮರಾಕ್ಕೂ ನಡುವೆ ಗಾಜಿಲ್ಲದ ಬರಿಯ ಬಳೆಗಳನ್ನು ಸೇರಿಸಿ, ಈಗಿರುವ ಲೆನ್ಸನ್ನೇ ಸೆನ್ಸರಿನಿಂದ ದೂರ ಸರಿಸಿದರೆ, ಅದು ಹೆಚ್ಚು ಸಮೀಪದ ವಸ್ತುವನ್ನು ಹಿಡಿಯಬಲ್ಲುದಾಗುವುದು. ಬೆಳಕು ಕೊಂಚ ಕಡಿಮೆಯಾಗುವುದು. ದೂರದ ವಸ್ತುವು ಆಗ ಸ್ಪಷ್ಟವಾಗದು. ಆದರೂ ಕಲಿಯುವವಳಿಗೆ ಈ ಬಳೆಗಳೇ ಒಂದು ವರ್ಷಕ್ಕೆ ಸಾಕು.

ಇನ್ನು ಕ್ಯಾಮರಾದ ವಿಷಯ. ಹೊಸ ಕ್ಯಾಮರಾವನ್ನು ಬಯಸುವವರು ಮೊದಲು ಹೇಳುವುದು ಮೆಗಾಪಿಕ್ಸೆಲುಗಳ ಲೆಕ್ಕ. ೨೪ ಮೆಗಾಪಿಕ್ಸೆಲ್ ಎಂದರೆ ಉದ್ದಕ್ಕೆ ೬೦೦೦, ಅಗಲಕ್ಕೆ ೪೦೦೦ ಚುಕ್ಕೆಗಳು. ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ನಯವಾಗಿ ಮುದ್ರಿಸಿದರೂ ೨೦ ಅಂಗುಲ ಉದ್ದ, ೧೩ ಅಂಗುಲ ಅಗಲದ ಪಟವಾಗುವುದು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅದಕ್ಕಿಂತ ದೊಡ್ಡ ಪಟವನ್ನು ಕಟ್ಟಿಸಿ ಗೋಡೆಗೆ ಹಾಕುವರು? ಲೆಕ್ಕವನ್ನು ಇಮ್ಮಡಿಮಾಡಿದರೂ ಪಟದ ಉದ್ದವು ಇಮ್ಮಡಿಯಾಗದು, ಸುಮಾರು ೧.೪ರಷ್ಟು ಮಾತ್ರವೇ ಬೆಳೆಯುವುದು. ಹೊಸ ಕ್ಯಾಮರಾಗಳ ನಿಜವಾದ ಹೆಚ್ಚಳವು ಬೇರೆ ಕಡೆಯಲ್ಲಿದೆ: ಹಾರುವ ಹಕ್ಕಿಯ ಕಣ್ಣನ್ನೂ ಓಡುವ ಮಗುವಿನ ಮುಖವನ್ನೂ ತಾವಾಗಿಯೇ ಗುರುತಿಸಿ ಹಿಂಬಾಲಿಸುವ ಶಕ್ತಿ ಅವುಗಳಿಗುಂಟು. ತಪ್ಪಿದ ಚಿತ್ರವು ಆ ಜಾತಿಯದಾದರೆ ಹೊಸದನ್ನು ಕೇಳುವುದು ಯುಕ್ತ.

ಕ್ಯಾಮರಾವನ್ನು ಆರಿಸುವಾಗ ಪೋಷಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಲೆನ್ಸು ಕ್ಯಾಮರಾಕ್ಕೆ ಕೂಡುವ ಬಾಯಿಗೆ ‘ಮೌಂಟ್’ ಎನ್ನುವರು. ಒಬ್ಬ ತಯಾರಕನ ಮೌಂಟು ಇನ್ನೊಬ್ಬನದಕ್ಕೆ ಸಾಮಾನ್ಯವಾಗಿ ಹೊಂದದು. ಮೊದಲನೆಯ ಕ್ಯಾಮರಾವನ್ನು ಕೊಂಡ ದಿನವೇ ಮುಂದಿನ ಲೆನ್ಸುಗಳ ಮನೆತನವೂ ನಿಶ್ಚಯವಾಗಿಬಿಡುವುದು. ನೈಕಾನ್ ಸಂಸ್ಥೆಯು ೧೯೫೯ರಲ್ಲಿ ತಂದ ಮೌಂಟು ದಶಕಗಳ ಕಾಲ ನಡೆಯಿತು. ೨೦೧೮ರಲ್ಲಿ ಆ ಸಂಸ್ಥೆಯೂ ಕ್ಯಾನನ್ ಸಂಸ್ಥೆಯೂ ಒಳಗನ್ನಡಿಯಿಲ್ಲದ ಫುಲ್ ಫ್ರೇಮ್ ಕ್ಯಾಮರಾಗಳಿಗಾಗಿ ಹೊಸ ಮೌಂಟುಗಳನ್ನು ತಂದರೂ, ನಡುವೆ ಹಾಕುವ ಬಳೆಯ ಸಹಾಯದಿಂದ ಹಳೆಯ ಲೆನ್ಸುಗಳಲ್ಲಿ ಅನೇಕವು ಅವುಗಳಲ್ಲಿಯೂ ನಡೆಯುವುವು. ಒಳ್ಳೆಯ ಲೆನ್ಸು ಎರಡು ಮೂರು ಕ್ಯಾಮರಾಗಳಿಗಿಂತ ಹೆಚ್ಚು ಕಾಲ ಬಾಳುವುದು. ಹಣವು ಮಿತವಾಗಿದ್ದರೆ ಲೆನ್ಸಿಗೇ ಮೊದಲ ಸ್ಥಾನ ಕೊಡತಕ್ಕದ್ದು. ಕೈಬದಲಾದ ಲೆನ್ಸುಗಳೂ ಸಿಕ್ಕುವುವು. ದೊಡ್ಡ ಊರುಗಳಲ್ಲಿ ದಿನಬಾಡಿಗೆಗೆ ಕೊಡುವವರೂ ಉಂಟು. ಎರಡು ದಿನ ಬಾಡಿಗೆಗೆ ತಂದು ನೋಡಿದರೆ ಎಷ್ಟೋ ಬಯಕೆಗಳು ತಾವಾಗಿಯೇ ಪಟ್ಟಿಯಿಂದ ಇಳಿದುಹೋಗುವುವು.

ಯಾವ ಪಟ್ಟಿಯಲ್ಲಿಯೂ ಅಪೂರ್ವವಾಗಿ ಕಾಣುವ ಒಂದು ಸಾಮಾನನ್ನು ಇಲ್ಲಿ ಸೇರಿಸುತ್ತೇನೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ತೇವದಿಂದ ಲೆನ್ಸಿನೊಳಗಿನ ಗಾಜಿಗೆ ಬೂಷ್ಟು ಹಿಡಿಯುವುದುಂಟು. ಬಲವಾಗಿ ಹಿಡಿದರೆ ಗಾಜಿನ ಲೇಪವೇ ಕೆಡುವುದು. ಗಾಳಿಯಾಡದ ಮುಚ್ಚಳದ ಡಬ್ಬಿ, ಅದರಲ್ಲಿ ತೇವವನ್ನು ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು, ಇವಿಷ್ಟೇ ಇದಕ್ಕೆ ರಕ್ಷೆ. ಲೆನ್ಸು ಮನೆಗೆ ಬರುವುದಕ್ಕೆ ಮುಂಚೆ ಈ ಡಬ್ಬಿ ಬಂದಿರಲಿ.

ಹೆಸರಾಂತ ಛಾಯಾಗ್ರಾಹಕರ ಚರಿತ್ರೆಗಳನ್ನು ನೋಡಿದರೆ ಅವರ ಬಯಕೆಗಳೂ ಇದೇ ಕ್ರಮದಲ್ಲಿ ಬೆಳೆದುವೆಂದು ತಿಳಿಯುವುದು. ಫ್ರಾನ್ಸಿನ ಹೆನ್ರಿ ಕಾರ್ಟಿಯೆ-ಬ್ರೆಸೋನ್ ಅವರು ೧೯೩೨ರ ಸುಮಾರಿಗೆ ಲೈಕಾ ಕ್ಯಾಮರಾವನ್ನು ಹಿಡಿದು, ಜೀವಮಾನದ ಕೆಲಸದ ಬಹುಭಾಗವನ್ನು ೫೦ ಮಿ.ಮೀ. ಲೆನ್ಸೊಂದರಿಂದಲೇ ನಡೆಸಿದರು. ಬೀದಿಯ ಜನರನ್ನು ತೆಗೆಯುತ್ತಿದ್ದ ಅವರಿಗೆ ದೂರದ ಲೆನ್ಸಿನ ಅಗತ್ಯವು ತೋರಲಿಲ್ಲ. ೧೮೧೫ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಅವರ ಕಥೆ ಬೇರೆ. ೧೮೬೩ರಲ್ಲಿ, ತಮ್ಮ ೪೮ನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಕೊಟ್ಟ ಕ್ಯಾಮರಾದಿಂದ ಆಕೆ ಇಂಗ್ಲೆಂಡಿನಲ್ಲಿ ಈ ವಿದ್ಯೆಯನ್ನು ಆರಂಭಿಸಿದರು; ಮನೆಯ ಕೋಳಿಗೂಡೇ ಚಿತ್ರಶಾಲೆಯಾಯಿತು. ಮುಖವನ್ನು ಚೌಕಟ್ಟಿನ ತುಂಬ ದೊಡ್ಡದಾಗಿ ತೆಗೆಯಬೇಕೆಂಬ ಹಂಬಲವು ಆಕೆಗೆ ದಿನೇ ದಿನೇ ಬಲವಾಯಿತು. ಎರಡು ಮೂರು ವರ್ಷಗಳೊಳಗೆ ೧೫ ಅಂಗುಲ ಉದ್ದ, ೧೨ ಅಂಗುಲ ಅಗಲದ ಗಾಜಿನ ಫಲಕಗಳನ್ನು ಹಿಡಿಯುವ ದೊಡ್ಡ ಕ್ಯಾಮರಾವನ್ನು ತಂದುಕೊಂಡರು. ಆಕೆಯನ್ನು ಪ್ರಸಿದ್ಧಿಗೆ ತಂದ ಮುಖಚಿತ್ರಗಳಲ್ಲಿ ಹಲವು ಆ ಕ್ಯಾಮರಾದಲ್ಲಿ ತೆಗೆದವು. ಯಾವ ಚಿತ್ರಕ್ಕಾಗಿ ಬೇಕೆಂದು ತಿಳಿದು ಬಯಸಿದುದಕ್ಕೆ ಇದು ಒಳ್ಳೆಯ ನಿದರ್ಶನ.

ನಮ್ಮ ದೇಶದ ಹೋಮಾಯಿ ವ್ಯಾರಾವಾಲಾ ಅವರನ್ನು ಹೆಣ್ಣುಮಕ್ಕಳ ಶಾಲೆಯ ಪುಸ್ತಕದಲ್ಲಿ ನೆನೆಯದೆ ಇರಲಾಗದು. ೧೯೧೩ರಲ್ಲಿ ನವಸಾರಿಯಲ್ಲಿ ಹುಟ್ಟಿದ ಇವರು ಭಾರತದ ಮೊದಲನೆಯ ಮಹಿಳಾ ಪತ್ರಿಕಾ ಛಾಯಾಗ್ರಾಹಕರು. ೧೯೪೭ರ ಆಗಸ್ಟ್ ೧೬ರಂದು ಕೆಂಪುಕೋಟೆಯ ಮೇಲೆ ಧ್ವಜವೇರಿದುದನ್ನು ಚಿತ್ರಿಸಿದರು. ೨೦೧೧ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯನ್ನು ಪಡೆದರು. ಇವರು ಬಳಸಿದ ಕ್ಯಾಮರಾಗಳಲ್ಲೊಂದಾದ ರೋಲಿಫ್ಲೆಕ್ಸಿನ ಲೆನ್ಸನ್ನು ಬದಲಾಯಿಸುವ ಹಾಗೆಯೇ ಇರಲಿಲ್ಲ; ಒಂದು ಸುರುಳಿಗೆ ೧೨ ಚಿತ್ರಗಳು ಮಾತ್ರ. ಇವರ ಆರಂಭದ ಚಿತ್ರಗಳಾದರೋ ಪತಿಯ ಹೆಸರಿನಲ್ಲಿ ಅಚ್ಚಾದುವು. ಕ್ಯಾಮರಾ ಕೈಯಲ್ಲಿತ್ತು, ಕೌಶಲವೂ ಇತ್ತು. ಇದು ಹೆಂಗಸಿನ ಕೆಲಸವೆಂದು ಒಪ್ಪಿಕೊಳ್ಳುವುದೊಂದೇ ಬಾಕಿಯಾಗಿತ್ತು.

ಆ ಒಪ್ಪಿಗೆಯು ಈಗಲೂ ಎಲ್ಲ ಮನೆಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಮಗನು ಲೆನ್ಸನ್ನು ಕೇಳಿದರೆ ಅದು ವಿದ್ಯೆಗೆಂದು ಎಣಿಸಿ, ಮಗಳು ಕೇಳಿದರೆ ಮದುವೆಯವರೆಗಿನ ಹವ್ಯಾಸವೆಂದು ತಿಳಿಯುವ ರೂಢಿಯುಂಟು. ಪೋಷಕರಲ್ಲಿ ನನ್ನ ವಿಜ್ಞಾಪನೆಯೇನೆಂದರೆ, ಇಬ್ಬರಿಗೂ ಒಂದೇ ಪ್ರಶ್ನೆಯನ್ನು ಕೇಳಿರಿ, ಒಂದೇ ವಿಧವಾದ ಉತ್ತರವನ್ನು ಒಪ್ಪಿಕೊಳ್ಳಿರಿ. ಪಟ್ಟಿಯ ಒಂದೊಂದು ಹೆಸರಿನ ಎದುರಿಗೆ ತಪ್ಪಿಹೋದ ಚಿತ್ರವನ್ನೂ, ಅದಕ್ಕಾಗಿ ಮಾಡಿನೋಡಿದ ಬೇರೆ ಉಪಾಯವನ್ನೂ ಬರೆಯಹೇಳಿರಿ. ಮೂರು ತಿಂಗಳ ಮೇಲೆ ಆ ಕಾಗದವನ್ನು ಮತ್ತೊಮ್ಮೆ ಜೊತೆಯಲ್ಲಿ ಕುಳಿತು ಓದಿರಿ. ಆಗಲೂ ಉಳಿದಿರುವ ಹೆಸರು ಕೊಳ್ಳತಕ್ಕದ್ದು. ಪೆಟ್ಟಿಗೆಯ ತಳದಲ್ಲಿ ಪಟ್ಟಿಯನ್ನು ಮಡಿಸಿಟ್ಟಿರುವ ಹಳೆಯ ವಿದ್ಯಾರ್ಥಿನಿಯರೂ ಅದನ್ನು ಹೊರತೆಗೆದು ಹೀಗೆಯೇ ಪರೀಕ್ಷಿಸಲಿ. ಕ್ಯಾಮರನ್ ಅವರಿಗೆ ಮೊದಲನೆಯ ಕ್ಯಾಮರಾ ದೊರೆತದ್ದು ಮಗಳಿಂದ. ದೊಡ್ಡವರಾದ ಮಕ್ಕಳು ತಾಯಂದಿರ ಪಟ್ಟಿಯನ್ನು ಕೇಳಿ ಓದಿದರೆ ಬಹಳ ಸಂತೋಷ.